ನಡುವೆ ನಿಂತವಳು

೧೯೭೬ರ ಜನವರಿಯ ಒಂದು ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆಯಿಂದ ಎಲ್ಲರನ್ನೂ ಕರೆದುಕೊಂಡು ಕ್ಯಾಮೆರಾದೊಂದಿಗೆ ಹೊರಟು, ಮೊದಲು ಹೊಸ ಬಡಾವಣೆಯ ಬೀದಿಗಳ, ಬಳಿಕ ಮೂಡಲಪಾಳ್ಯದ ಅರಳಿಕಟ್ಟೆಯ ಚಿತ್ರಗಳನ್ನು ತೆಗೆದೆ. ಕೊನೆಗೆ ಕಟ್ಟೆಯ ಮುಂದೆ ಭಾವ ಮತ್ತು ಅತ್ತೆಯ ನಡುವೆ ಎಂಟು ತಿಂಗಳ ಬಸುರಿಯಾಗಿದ್ದ ಅಕ್ಕ ಸತ್ಯವತಿಯನ್ನು ನಿಲ್ಲಿಸಿದೆ.

"ಮೂರು ಜನ ಫೋಟೋ ತೆಗೆಸ್ಕೋಬಾರ್ದು ಕಣೋ, ನಡುವೆ ನಿಂತೋರಿಗೆ ಆಗಿಬರಲ್ಲ," ಎಂದರು ಅತ್ತೆ.

"ಹೊಟ್ಟೇಲಿರೋದನ್ನೂ ಸೇರಿಸ್ಕೊಳ್ಳಿ ಅತ್ತೆ, ನಾಲ್ಕಾಯ್ತಲ್ಲ!" ಎಂದೆ. ಅಕ್ಕ ನಕ್ಕಳು. ನಾನು ಗುಂಡಿ ಒತ್ತಿದೆ.

ಬುಧವಾರ ಸಂಜೆ ಸ್ಟುಡಿಯೋದಿಂದ ತಂದ ಪ್ರತಿಗಳು ನೆರೆಯವರ ಕೈಯಿಂದ ಕೈಗೆ ಸಾಗಿದವು. ಕಟ್ಟೆಯ ಮುಂದೆ ಮೂವರನ್ನು ನಿಲ್ಲಿಸಿ ತೆಗೆದ ಚಿತ್ರದ ಪ್ರತಿ ಮಾತ್ರ ಒರೆಸಿದಷ್ಟೂ ಮತ್ತೆ ಒದ್ದೆಯಾಗುತ್ತಿತ್ತು. ಎದುರುಮನೆಯ ಅಂಬುಜಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು, "ಸತ್ಯಾ, ನಿನ್ನ ಸೆರಗು ಹಿಡ್ಕೊಂಡಿರೋ ಈ ಮಗು ಯಾರ್ದೇ?" ಎಂದರು.

ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು, "ಬೆಳಿಗ್ಗೆಯಿಂದ ಒದೀತಾನೇ ಇಲ್ಲ ಕಣೋ," ಎಂದು ನನಗೆ ಮೆಲ್ಲಗೆ ಹೇಳಿದಳು. ಭಾವ ಆಟೋ ಕರೆತರಲು ಓಡಿದರು.

ಮುದ್ರಣದ ದೋಷವಿರಬಹುದೆಂದು ನಾನು ನೆಗೆಟಿವನ್ನು ದೀಪಕ್ಕೆ ಹಿಡಿದು ಪರೀಕ್ಷಿಸಿದೆ. ಅದರಲ್ಲಿಯೂ ನಾಲ್ವರಿದ್ದರು, ಅಕ್ಕನ ಹೊಟ್ಟೆ ಚಪ್ಪಟೆಯಾಗಿತ್ತು.