ಖಾಲಿ ಎಂದರೆ ಎಷ್ಟು ತೂಕ?

ಬೆಳಿಗ್ಗೆ ಹನ್ನೊಂದಕ್ಕೆ ಸಂಕೇತ ಹೊರಟಿತು. ಶಿಡ್ಲಘಟ್ಟದ ಅಂಗಡಿಗಳ ಹಿಂದೆ, ಅಟ್ಟಗಳ ಮೇಲೆ, ಮಂಚಗಳ ಕೆಳಗೆ ಬಿದ್ದಿದ್ದ ಸಂಚಯ ಸಾಗಣೆ ಸಂಸ್ಥೆಯ ರಟ್ಟಿನ ಪೆಟ್ಟಿಗೆಗಳೆಲ್ಲ ಯಾರೂ ಮುಟ್ಟದೆ ಅಲುಗಾಡಿದವು. ಅವುಗಳ ಗೋಡೆಗಳು ಒಳಕ್ಕೆ ಬಾಗಿದವು, ತಳ ಮೇಲೆದ್ದಿತು. ನಿಮಿಷದೊಳಗೆ ಎಲ್ಲವೂ ಹಪ್ಪಳದಂತೆ ಚಪ್ಪಟೆಯಾದವು.

ಇವು ಸ್ವಯಂಮಡಿಕೆ ಪೆಟ್ಟಿಗೆಗಳು. ರಟ್ಟಿನ ಪದರಗಳ ನಡುವೆ ಕೂದಲಿಗಿಂತ ತೆಳುವಾದ ಮಡಿಕೆನಾರುಗಳಿರುತ್ತಿದ್ದವು. ರೇಡಿಯೊ ಸಂಕೇತ ತಾಗಿದೊಡನೆ ನಾರು ಕುಗ್ಗಿ ರಟ್ಟನ್ನು ಸೆಳೆದುಕೊಳ್ಳುತ್ತಿತ್ತು. ಪೆಟ್ಟಿಗೆಯನ್ನು ಎಷ್ಟು ಚೂರು ಮಾಡಿದರೂ ಪ್ರತಿ ಚೂರಿನಲ್ಲೂ ಆ ಗುಣ ಉಳಿಯುತ್ತಿತ್ತು. ಒಂದು ವರ್ಷದಿಂದ ಜನ ಸಾಮಾನು ತೆಗೆದುಕೊಂಡು ಪೆಟ್ಟಿಗೆ ಹಿಂತಿರುಗಿಸದೆ ಇಟ್ಟುಕೊಳ್ಳುತ್ತಿದ್ದರು. ಅವನ್ನೆಲ್ಲ ಒಟ್ಟಿಗೆ ಮಡಿಸಿ ಗಾಡಿಯಲ್ಲಿ ತುಂಬಿಕೊಂಡು ಹೋಗಲೆಂದು ಸಂಸ್ಥೆ ಮೊದಲ ಬಾರಿಗೆ ಇಡೀ ಊರಿಗೆ ಸಂಕೇತ ಕಳಿಸಿತ್ತು.

ಊರಂಚಿನ ತಗಡಿನ ಮನೆಯಲ್ಲಿ ಮುನಿರತ್ನಮ್ಮ ನಾದಿನಿ ಪಿಳ್ಳಮ್ಮನೊಂದಿಗೆ ರೇಷ್ಮೆಹುಳು ಸಾಕುತ್ತಿದ್ದಳು. ಅವಳ ಕೈಯಲ್ಲಿ ಹಳೆಯ ರಟ್ಟು ಎಂದೂ ಕಸವಾಗುತ್ತಿರಲಿಲ್ಲ. ಮುಚ್ಚಳಗಳು ಸೊಪ್ಪು ಹಾಕುವ ತಟ್ಟೆಗಳಾಗುತ್ತಿದ್ದವು. ಉದ್ದ ಪೆಟ್ಟಿಗೆಗಳನ್ನು ಬಿಚ್ಚಿ, ಹುಳುಗಳಿಗೆ ಕಾವು ತಾಗದಿರಲೆಂದು ಬಿಸಿಲು ಬೀಳುವ ಗೋಡೆಗೆ ಒರಗಿಸುತ್ತಿದ್ದಳು. ಉಳಿದ ರಟ್ಟನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದಕ್ಕೊಂದು ಸಿಕ್ಕಿಸಿ, ನೂರಾರು ಪುಟ್ಟ ಕೋಣೆಗಳ ಚಂದ್ರಿಕೆ ಮಾಡುತ್ತಿದ್ದಳು. ಪೂರ್ತಿ ಬೆಳೆದು ಹಣ್ಣಾದ ಹುಳುಗಳು ಅದನ್ನೇರಿ, ಕೋಣೆಗೊಂದರಂತೆ ಕುಳಿತು ಗೂಡು ಕಟ್ಟುತ್ತಿದ್ದವು.

ಆ ದಿನ ಹುಳುಗಳು ಚಂದ್ರಿಕೆ ಏರಿ ಮೂರು ಗಂಟೆಯಾಗಿತ್ತು.

"ಅತ್ಗೇ!" ಎಂದು ಪಿಳ್ಳಮ್ಮ ಕಿರುಚಿದಾಗ ಮುನಿರತ್ನಮ್ಮ ಸೊಪ್ಪಿನ ಬುಟ್ಟಿ ಬಿಟ್ಟು ಓಡಿಬಂದಳು. ಸಾಲಾಗಿ ನಿಂತಿದ್ದ ಚಂದ್ರಿಕೆಗಳು ಒಂದೊಂದೇ ಮುದುಡುತ್ತಿದ್ದವು. ಅವಳು ಎರಡು ಕೈಗಳಿಂದಲೂ ಹಿಡಿದು ಜಗ್ಗಿದಳು. ರಟ್ಟು ಜಗ್ಗಲಿಲ್ಲ. ಅಂಚುಗಳಿಂದ ಹಸಿರು ಹಳದಿ ನೀರು ಜಿನುಗಿ ಅವಳ ಮುಂಗೈ ಮೇಲೆ ಇಳಿಯಿತು.

ಮಧ್ಯಾಹ್ನ ಪೆಟ್ಟಿಗೆ ಸಂಗ್ರಹಿಸುವ ಗಾಡಿ ಬಂತು. ಅದರಲ್ಲಿ ಮಡಿಕೆನಾರು ಕಂಡುಹಿಡಿದ ಡಾ. ಇಂದುಶೇಖರ ಅವರೇ ಇದ್ದರು. ತಮ್ಮ ಮೊದಲ ದೊಡ್ಡ ಪ್ರಯೋಗದ ಫಲವನ್ನು ಕಣ್ಣಾರೆ ನೋಡಲು ಬಂದಿದ್ದರು.

"ಇಷ್ಟೊಂದು ಸಣ್ಣ ಚೂರೂ ಸರಿಯಾಗಿ ಮಡಿಚಿಕೊಂಡಿದೆಯಲ್ಲ!" ಎಂದರು ಅವರು ಬಾಗಿಲಲ್ಲೇ, ಸಂತೋಷ ತಡೆಯಲಾಗದೆ.

"ಸರ್ಯಾಗಿ ಮಡ್ಚ್ಕೊಂಡೈತಾ?" ಮುನಿರತ್ನಮ್ಮ ಒಂದು ಚಂದ್ರಿಕೆಯನ್ನು ಅವರ ಎದೆಗೆ ಒತ್ತಿದಳು. ಬಿಳಿ ಅಂಗಿಯ ಮೇಲೆ ಕಲೆ ಹರಡಿತು. "ಹಂಗಾದ್ರೆ ಒಳಗೇನೈತೆ ನೋಡಿ ಸಾರ್. ನೋಡಿ!"

ಅವರು ನೋಡಿ ಬೆಚ್ಚಿದರು. "ಅಮ್ಮಾ, ಪೆಟ್ಟಿಗೆ ಸಂಸ್ಥೆಯದು. ಒಳಗೆ ಏನಾದರೂ ಇರಬಹುದೆಂದು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ."

"ಪೆಟ್ಗೆ ನಿಮ್ದು, ಸರಿ. ಹುಳ ಯಾರ್ದು? ಇಪ್ಪತ್ತೈದು ದಿನ ಹೊತ್ತೊತ್ತಿಗೆ ಸೊಪ್ಪಾಕಿ ಸಾಕಿದ್ದು ಯಾರು? ಬಾಗ್ಲು ತಟ್ಟಿ, ಅಮ್ಮಾ, ನಮ್ ರಟ್ಟು ಕೊಡಿ ಅಂತ ಒಂದ್ ಮಾತು ಕೇಳೋಕೆ ನಿಮಗೆ ಬಾಯಿ ಇರ್ಲಿಲ್ವಾ?"

ಇಂದುಶೇಖರರು ಎದೆಗೊತ್ತಿದ್ದ ಚಂದ್ರಿಕೆಯನ್ನು ಎರಡು ಕೈಗಳಿಂದ ತೆಗೆದುಕೊಂಡರು.

"ಕೂತ್ಕೊಳ್ಳಿ," ಎಂದಳು ಅವಳು. "ಇನ್ನೂ ಜೀವ ಇರೋವು ಒಳಗವೆ. ಬಿಡಿಸಿ."

ಅವರು ನೆಲದ ಮೇಲೆ ಕುಳಿತರು. ಮಡಿಕೆಗಳನ್ನು ಉಗುರಿನಿಂದ ಸೀಳುತ್ತ, ಉಸಿರಾಡುತ್ತಿದ್ದ ಹುಳುಗಳನ್ನು ಒಂದೊಂದಾಗಿ ಪಿಳ್ಳಮ್ಮ ಹರಡಿದ್ದ ಒಣಹುಲ್ಲಿನ ಮೇಲೆ ಬಿಟ್ಟರು. ಕೆಲವು ಹುಳುಗಳು ಅರ್ಧ ನಜ್ಜುಗುಜ್ಜಾಗಿದ್ದರೂ ತಲೆಯಾಡಿಸುತ್ತ ನೂಲು ಬಿಡುತ್ತಿದ್ದವು. ಅಂಥದೊಂದನ್ನು ಕಂಡಾಗ ಅವರ ಕೈ ನಿಂತಿತು. ಸಂಜೆಯ ಹೊತ್ತಿಗೆ ಬದುಕಿ ಸಿಕ್ಕಿದ್ದು ಕಾಲು ಭಾಗ ಮಾತ್ರ. ಮುನಿರತ್ನಮ್ಮ ಅವರಿಗೆ ನೀರು ಕೊಟ್ಟಳು.

ಬೆಂಗಳೂರಿಗೆ ಹಿಂತಿರುಗಿದ ಇಂದುಶೇಖರರು ಸಂಸ್ಥೆಯ ಆಡಳಿತ ನಿರ್ದೇಶಕರೊಂದಿಗೆ ಮೂರು ದಿನ ಜಗಳವಾಡಿ, ಕೆಲಸ ಬಿಡುತ್ತೇನೆಂದು ಹೆದರಿಸಿ, ಹೊಸ ನಿಯಮ ಬರೆಸಿದರು. ಇನ್ನು ಮುಂದೆ ಪ್ರತಿ ಮಡಿಕೆನಾರೂ ತನ್ನ ಮೇಲಿನ ಭಾರವನ್ನು ಮೊದಲು ಅರಿತು ಸಂಸ್ಥೆಗೆ ತಿಳಿಸಬೇಕು. ಖಾಲಿ ಇದ್ದರೆ ಮಾತ್ರ ಮಡಿಚಿಕೊಳ್ಳಬೇಕು. ಹಳೆಯ ನಾರುಗಳಿಗೂ ಈ ಆದೇಶವನ್ನು ರೇಡಿಯೊ ಮೂಲಕವೇ ಕಳಿಸಲಾಯಿತು.

ಆರು ತಿಂಗಳ ಬಳಿಕ ಎರಡನೆಯ ಸಂಕೇತ ಹೊರಟಿತು. ಅಷ್ಟರಲ್ಲಿ ಶಿಡ್ಲಘಟ್ಟದಲ್ಲಿ ಮತ್ತೆ ಕೂಡಿಬಿದ್ದಿದ್ದ ಪೆಟ್ಟಿಗೆಗಳಲ್ಲಿ ಒಂದೇ ಒಂದೂ ಮಡಿಚಿಕೊಳ್ಳಲಿಲ್ಲ.

ಪೆಟ್ಟಿಗೆಗಳು ಕಳಿಸಿದ ಭಾರದ ವಿವರ ನೋಡಿ ನಿರ್ದೇಶಕರು ಕೆಂಡವಾದರು. ಗಾಡಿಯವರು ತೆರೆದು ನೋಡಿದರೆ, ಬೇಕರಿಯ ಪೆಟ್ಟಿಗೆಯಲ್ಲಿ ಒಂದು ಕಡಲೆಬೀಜ. ದರ್ಜಿಯ ಪೆಟ್ಟಿಗೆಯಲ್ಲಿ ಒಂದು ಗುಂಡಿ. ಬಳೆ ಅಂಗಡಿಯಲ್ಲಿ ಮುರಿದ ಬಳೆಯ ಚೂರು. ಹೊಸ ನಿಯಮದ ಸುದ್ದಿ ತಿಳಿದು ಊರಿಗೆ ಊರೇ ಪೆಟ್ಟಿಗೆಗಳನ್ನು ಕಪಾಟು, ತೊಟ್ಟಿಲು, ಗಲ್ಲಾಪೆಟ್ಟಿಗೆ ಮಾಡಿಕೊಂಡು, ಒಂದೊಂದರಲ್ಲೂ ಏನಾದರೊಂದು ಹಾಕಿಟ್ಟಿತ್ತು.

"ಕನಿಷ್ಠ ತೂಕವೊಂದನ್ನು ಗೊತ್ತುಮಾಡಿ ಬನ್ನಿ. ಅದಕ್ಕಿಂತ ಕಡಿಮೆಯಿದ್ದರೆ ಖಾಲಿ ಎಂದೇ ಲೆಕ್ಕ," ಎಂದು ನಿರ್ದೇಶಕರು ಅಪ್ಪಣೆ ಮಾಡಿದರು.

ಇಂದುಶೇಖರರು ಸೂಕ್ಷ್ಮತಕ್ಕಡಿ ಹಿಡಿದು ತಗಡಿನ ಮನೆಗೆ ಬಂದರು. ಮುನಿರತ್ನಮ್ಮನ ಕೋಪ ಆರಿರಲಿಲ್ಲ. ಆದರೂ ಅವರು ಬಂದ ಕಾರಣವನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಳಗಿನಿಂದ ರಟ್ಟಿನ ತಟ್ಟೆಯೊಂದನ್ನು ತಂದಳು. ಅದರಲ್ಲಿ ಆ ಬೆಳಿಗ್ಗೆಯಷ್ಟೇ ಮೊಟ್ಟೆಯೊಡೆದು ಬಂದ ಹುಳುಗಳು ಕಪ್ಪು ನೂಲಿನ ತುಣುಕುಗಳಂತೆ ಹರಿದಾಡುತ್ತಿದ್ದವು. ಕೋಳಿಗರಿಯ ತುದಿಯಿಂದ ಒಂದನ್ನು ಎತ್ತಿ ತಕ್ಕಡಿಯ ಮೇಲಿಟ್ಟಳು.

"ಇದು ಎಷ್ಟ್ ತೂಗ್ತೈತೆ ನೋಡಿ ಸಾರ್," ಎಂದಳು. "ಅದಕ್ಕಿಂತ ಕಮ್ಮಿ ಬರ್ಕೊಳ್ಳಿ."

ಅವರು ಕನ್ನಡಕ ಒರೆಸಿಕೊಂಡು ಬಾಗಿ ನೋಡಿದರು. ಹುಳು ತಲೆಯೆತ್ತಿ ಸೊಪ್ಪು ಹುಡುಕುತ್ತಿತ್ತು. ತಕ್ಕಡಿ ಸೊನ್ನೆಯನ್ನೇ ತೋರಿಸುತ್ತಿತ್ತು.