ಬಿಸಿಲಿಗಿಟ್ಟ ಗುಲಾಬಿ

"ಆ ಗುಲಾಬಿ ಮೊದಲ ಮುಚ್ಚಿಡ್ರಿ!"

ಕುಂಚ ಹಿಡಿದ ಕೈ ಹಾಗೆಯೇ ನಿಂತಿತು. ಕಿತ್ತೂರಿನ ಬಸ್ ಸ್ಟ್ಯಾಂಡ್ ಹತ್ತಿರದ ತನ್ನ ಫ್ರೇಮ್ ಮತ್ತು ಬಣ್ಣದ ಅಂಗಡಿಯಲ್ಲಿ ಕುಳಿತು ಕಮಲದ ಹೂವಿಗೆ ಗುಲಾಬಿ ಬಣ್ಣ ತುಂಬುತ್ತಿದ್ದ ಪರಸಪ್ಪ ತಲೆ ಎತ್ತಿ ನೋಡಿದ. ಬಾಗಿಲಲ್ಲಿ ನಿಂತಿದ್ದವಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಯಾರ್ರೀ ನೀವು?"

"ಶೈಲಜಾ ಅಂತ. ಬೈಲಹೊಂಗಲದಾಗ ಸಾಲಿಯೊಳಗ ಚಿತ್ರಕಲಾ ಕಲಸ್ತೇನಿ. ಒಂದು ಫ್ರೇಮ್ ಹಾಕ್ಸಾಕ ಬಂದಿದ್ದೆ, ಅದು ಆಮ್ಯಾಲ ಆಗ್ಲಿ. ನೀವು ಹಚ್ಚಾಕತ್ತಿದ್ದು ಕಾರ್ಮೈನ್ ಅಲ್ಲೇನ್ರಿ? ಅದು ನಿಲ್ಲೂ ಬಣ್ಣ ಅಲ್ಲ. ಬಿಸಿಲು ಕಂಡರ ಓಡಿ ಹೋಗತೈತಿ!"

ಪರಸುವಿಗೆ ಸಿಟ್ಟು ಬಂತು. ತನ್ನ ಅಂಗಡಿಯಲ್ಲಿ, ತನ್ನ ಚಿತ್ರಕ್ಕೆ, ಗುರುತಿಲ್ಲದವರು ಬಂದು ತಪ್ಪು ತೆಗೆದರೆ ಯಾರಿಗೆ ತಾನೇ ಬರುವುದಿಲ್ಲ?

"ಆರ್ಟಿಸ್ಟ್ ಕ್ವಾಲಿಟಿ ಐತ್ರಿ ಇದು. ಹುಬ್ಬಳ್ಳಿಯಿಂದ ತರ್ಸೇನಿ."

"ಆರ್ಟಿಸ್ಟ್ ಅಂತ ಬರದ ಮಾತ್ರಕ್ಕ ಉಳೀತೈತೇನ್ರಿ? ಟ್ಯೂಬಿನ ಹಿಂದ ಸಣ್ಣ ಅಕ್ಷರ ಅದಾವ, ಓದ್ರಿ."

ಅವನು ಓದಲಿಲ್ಲ. ಒಂದು ದಪ್ಪ ಕಾಗದದ ಪಟ್ಟಿಯ ಮೇಲೆ ಆ ಗುಲಾಬಿಯನ್ನು ಉದ್ದಕ್ಕೆ ಎಳೆದ. ಅರ್ಧಕ್ಕೆ ರಟ್ಟು ಮುಚ್ಚಿ, ಪಡುವಣ ಕಿಟಕಿಯ ಗಾಜಿಗೆ ಅಂಟಿಸಿಬಿಟ್ಟ.

"ನೋಡೇಬಿಡೂಣು. ಬಣ್ಣ ಉಳದರ ನೀವು ಸೋತಂಗ."

"ಓಡಿ ಹೋದರ?"

"ಹೋದರ... ನೀವು ಹೇಳಿದ ಬಣ್ಣಾನ ತುಗೊಂತೇನಿ. ಸಾಕೇನ್ರಿ ಟೀಚರ?"

ಸಿಟ್ಟು ಬಂದರೆ ಶೈಲಜಾಳ ಮೂಗಿನ ತುದಿ ಕೆಂಪಾಗುತ್ತದೆ. ಅದು ಅವಳೊಬ್ಬಳಿಗೆ ಗೊತ್ತಿಲ್ಲ, ಉಳಿದವರಿಗೆಲ್ಲ ಗೊತ್ತು! ಪರಸು ಅದನ್ನು ಆವತ್ತೇ ನೋಡಿಬಿಟ್ಟ.

ಆಮೇಲೆ ರವಿವಾರ ಬಂದರೆ ಸಾಕು, ಅವಳು ಬೈಲಹೊಂಗಲದಿಂದ ಕಿತ್ತೂರಿನ ಬಸ್ ಹತ್ತುತ್ತಿದ್ದಳು. ಪಟ್ಟಿ ನೋಡಬೇಕಲ್ಲ! ಪಟ್ಟಿ ನೋಡಲು ಎರಡು ನಿಮಿಷ ಸಾಕು. ಉಳಿದ ಹೊತ್ತು ಏನು ಮಾಡುತ್ತಿದ್ದಳೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ನಾವೂ ಕೇಳುವುದು ಬೇಡ.

ಬೇಸಿಗೆ ಮುಗಿಯುವ ಹೊತ್ತಿಗೆ ರಟ್ಟು ತೆಗೆದರು. ಮುಚ್ಚಿದ್ದ ಅರ್ಧ ಹೊಸದರಂತೆ ಹೊಳೆಯುತ್ತಿತ್ತು. ಬಿಸಿಲಿಗೆ ಬಿದ್ದ ಅರ್ಧದಲ್ಲಿ ಬರೀ ಕಾಗದ.

ಪರಸು ಬಹಳ ಹೊತ್ತು ನೋಡಿದ. ಆಮೇಲೆ ಜೋರಾಗಿ ನಕ್ಕು, ತನ್ನ ಬಣ್ಣದ ಡಬ್ಬಿಯನ್ನೇ ಅವಳ ಮುಂದೆ ಸುರಿದ. "ಸೋತ್ನಿರಿ. ನೀವ ಆರಿಸ್ರಿ!"

ಅವಳು ಒಂದೊಂದೇ ಟ್ಯೂಬ್ ತಿರುಗಿಸಿ ನೋಡಿ ಆರಿಸಿದಳು. "ಒಂದ ಬಣ್ಣದ ಪುಡಿಯಿಂದ ಮಾಡಿದ್ದು ತುಗೋರಿ. ಕಂಪನಿಯವರ ಮೂರ್ನಾಕು ಕೂಡಿಸಿರತಾರ, ಅದಕ್ಕ ನಾವು ಮತ್ತೊಂದು ಬೆರಸಿದರ ರಾಡಿ ಆಗತೈತಿ."

"ಕಪ್ಪು ತಗದ ಇಟ್ರಿ?"

"ಟ್ಯೂಬಿನ ಕಪ್ಪು ಸತ್ತಂಗ ಕಾಣತೈತ್ರಿ. ಕಪ್ಪು ನಾವ ಮಾಡೂಣು."

ಅವಳು ತಟ್ಟೆಯಲ್ಲಿ ಅಲ್ಟ್ರಾಮರೀನ್ ನೀಲಿ ಹಾಕಿದಳು. ಅವನು ಸುಟ್ಟ ಇಟ್ಟಿಗೆಯ ಬಣ್ಣದ ಬರ್ಂಟ್ ಸಿಯೆನ್ನಾ ಹಾಕಿದ. ನೀರು ಒಂದೆರಡು ಹನಿ. ಎರಡು ಕುಂಚಗಳು ಒಂದೇ ಗುಂಡಿಯಲ್ಲಿ ತಿರುಗಿದವು. ನೀಲಿ ಹೆಚ್ಚಾಯಿತು, ಕಂದು ಸೇರಿಸಿದರು. ಕಂದು ಹೆಚ್ಚಾಯಿತು, ಮತ್ತೆ ನೀಲಿ. ಕೊನೆಗೆ ಒಂದು ಕಪ್ಪು ಹುಟ್ಟಿತು... ಆಳವಾದ, ಬೆಚ್ಚನೆಯ ಕಪ್ಪು.

"ನಮ್ಮ ಸಂಗೊಳ್ಳಿ ಎರಿ ಹೊಲದ ಬಣ್ಣ ಇದು!" ಎಂದ ಪರಸು. ಅವನ ಊರು ಅದು. "ಮಳಿ ಬಿದ್ದ ಮರುದಿನ ಹಿಂಗ ಇರತೈತಿ."

"ಇದು ಓಡಿ ಹೋಗೂದಿಲ್ರಿ," ಎಂದಳು ಶೈಲಜಾ. "ಎಷ್ಟು ಬಿಸಿಲಿದ್ರೂ."

ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಇಬ್ಬರೂ ಏನೂ ಹೇಳಲೂ ಇಲ್ಲ. ಹೇಳಬೇಕಿತ್ತು! ಆವತ್ತೇ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಹೇಳುವಷ್ಟರಲ್ಲಿ ರಾಮದುರ್ಗದಿಂದ ಸಂಬಂಧ ಬಂತು. ಹುಡುಗ ಸಂದೀಪ, ಒಳ್ಳೆಯ ಮನೆತನ, ತಮ್ಮದೇ ಮಂದಿ. ಶೈಲಜಾ ತಂದೆ ವೀರಪ್ಪನವರ ಮುಂದೆ ಹೋಗಿ ನಿಂತಳು.

"ಅಪ್ಪಾ, ಇನ್ನೊಬ್ರು ಬಂದು ನನ್ನ ಕೇಳೋರು ಅದಾರ. ಅವರು ಬ್ಯಾರೆ ಮಂದಿ. ಒಮ್ಮೆ ಅವರ ಮಾತು ಕೇಳ್ರಿ."

ವೀರಪ್ಪ ಓದುತ್ತಿದ್ದ ಪೇಪರ್ ಮಡಿಸಿಟ್ಟರು. "ರಾಮದುರ್ಗದವರು ಬರೂ ದಿನಾನ ಬರ್ಲಿ. ಸಂಜಿಮಟ ದಾರಿ ನೋಡತೇನಿ. ಬಂದು ಎದುರಿಗೆ ಕುಂತು ಕೇಳಿದರ ಮಾತಾಡೂಣು. ಬರಲಿಲ್ಲಂದರ ನಾ ಹೇಳಿದಂಗ ಆಗಬೇಕು ನೋಡವಾ."

ಶೈಲಜಾ ಅಪ್ಪನ ಮಾತನ್ನು ಪರಸುವಿಗೆ ಹೇಳಿದಳು. "ಬರತೇನಿ," ಎಂದ ಅವನು. ಅಷ್ಟೇ ಎಂದ.

ಆ ದಿನ ರಾಮದುರ್ಗದವರು ಬೆಳಿಗ್ಗೆಯೇ ಬಂದು ಪಡಸಾಲೆಯಲ್ಲಿ ಕುಳಿತರು. ಶೈಲಜಾ ಒಳಮನೆಯಲ್ಲಿ ಒಂದೊಂದು ಹೆಜ್ಜೆ ಸದ್ದಿಗೂ ಕಿವಿಯಾಗಿ ಕುಳಿತಳು. ಈಗ ಬಂದಾನು... ಈಗ ಬಂದಾನು! ಊಟವಾಯಿತು. ಬಿಸಿಲು ಇಳಿಯಿತು. ವೀರಪ್ಪ ಕೊಟ್ಟ ಮಾತಿನಂತೆ ಬೀಗರನ್ನು ಹಾಗೂ ಹೀಗೂ ಮಾತಿನಲ್ಲಿ ಕೂಡಿಸಿಕೊಂಡರು. ದೇವರ ಮುಂದೆ ದೀಪ ಹಚ್ಚಿದರು.

ಪರಸು ಬರಲಿಲ್ಲ.

ಸಕ್ಕರೆಯ ತಟ್ಟೆ ಹೊರಗೆ ಬಂತು. ಆ ಸೀಮೆಯ ಮನೆಗಳಲ್ಲಿ ಸಂಬಂಧ ಕುದುರಿದರೆ ಸಕ್ಕರೆ ಹಂಚುತ್ತಾರೆ. ಬಾಯಿಗೆ ಹಾಕಿಕೊಂಡವರೆಲ್ಲ ಒಪ್ಪಿದಂತೆ, ಸಾಕ್ಷಿಯಾದಂತೆ. ತಿಂದ ಬಾಯಿಂದ ಆಮೇಲೆ ಅಡ್ಡ ಮಾತಾಡುವಂತಿಲ್ಲ. ಶೈಲಜಾಳ ಅಂಗೈಗೂ ಒಂದು ಚಮಚ ಸಕ್ಕರೆ ಬಿತ್ತು. ಅವಳು ಮುಷ್ಟಿ ಬಿಗಿದುಕೊಂಡು ಒಳಗೆ ಹೋದಳು.

ಅದೇ ವಾರ ಸಂದೀಪನ ಅಜ್ಜಿ ತೀರಿಕೊಂಡರು. ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷವಿಡೀ ಶೈಲಜಾ ಕಿತ್ತೂರಿನ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ಬಣ್ಣದ ಡಬ್ಬಿಯನ್ನೂ ತೆರೆಯಲಿಲ್ಲ. ಟ್ಯೂಬುಗಳ ಬಾಯಿ ಗಟ್ಟಿಯಾದವು.

ಈಗ ವರ್ಷ ತುಂಬುತ್ತ ಬಂದಿತ್ತು. ಲಗ್ನಪತ್ರಿಕೆ ಅಚ್ಚಾಗಿತ್ತು. "ಮನಿಗಿ ಬರೂ ಸೊಸಿ ಚಿತ್ರ ತಗೀತಾಳಂತಲ್ಲ, ನಮ್ಮ ಅಜ್ಜಿ ಚಿತ್ರ ಆಕೀ ಕೈಲೆ ಆಗ್ಲಿ," ಎಂದು ರಾಮದುರ್ಗದವರು ಒಂದು ಫೋಟೋ ಕಳಿಸಿದರು. ಅದಕ್ಕೆ ಹೊಸ ಬಣ್ಣ ಬೇಕು. ಮೊಬೈಲಿನಲ್ಲಿ ತರಿಸಿದ್ದರೆ ಮನೆ ಬಾಗಿಲಿಗೇ ಬರುತ್ತಿತ್ತು. ಆದರೆ ಶೈಲಜಾ ಕಿತ್ತೂರಿನ ಬಸ್ ಹತ್ತಿದಳು. ಯಾಕೆಂದು ಅವಳನ್ನು ಕೇಳಬೇಡಿ, ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು ಪಾಪ!

ಅಂಗಡಿಯಲ್ಲಿ ಪರಸು ಒಬ್ಬನೇ ಇದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಬರ್ರಿ ಟೀಚರ... ಕುಂಡ್ರಿ."

"ಕುಂಡ್ರಾಕ ಬಂದಿಲ್ಲ. ಯೆಲ್ಲೋ ಓಕರ್ ಬೇಕು, ಬರ್ಂಟ್ ಸಿಯೆನ್ನಾ ಬೇಕು. ನಿಲ್ಲೂ ಗುಲಾಬಿ ಒಂದು. ವಯಸ್ಸಾದವರ ಮೈಬಣ್ಣಕ್ಕ."

ಅವನು ತಟ್ಟೆ ತೆಗೆದ. ಮಣ್ಣು-ಹಳದಿಯ ಓಕರಿಗೆ ಗುಲಾಬಿಯ ಒಂದು ಚುಕ್ಕಿ ಸೇರಿಸಿ, ಕಾಗದದ ಮೇಲೆ ಎಳೆದು ತೋರಿಸಿದ. ಇಬ್ಬರೂ ಕಪ್ಪು ಬೆರೆಸಿದ್ದ ತಟ್ಟೆ ಅದು. ಅದನ್ನು ನೋಡಲಾರದೆ ಶೈಲಜಾ ಮುಖ ತಿರುಗಿಸಿದಳು.

ತಿರುಗಿಸಿದ್ದೇ ತಪ್ಪಾಯಿತು.

ಪಡುವಣ ಕಿಟಕಿಯಲ್ಲಿ, ಹಿಂದೆ ಪಟ್ಟಿ ಅಂಟಿಸಿದ ಜಾಗದಲ್ಲೇ, ಒಂದು ಚಿತ್ರ ತೂಗುತ್ತಿತ್ತು. ಒಬ್ಬ ಹೆಣ್ಣಿನ ಮುಖ. ಗಲ್ಲದಲ್ಲಿ ರಕ್ತವಿಲ್ಲ, ತುಟಿಯಿಲ್ಲ, ಸೀರೆಗೆ ಬಣ್ಣವಿಲ್ಲ. ಕಾಮಾಲೆಯಾದವರಂತೆ ಬರೀ ಹಳದಿ.

"ಇದು... ನಾನ ಅಲ್ಲೇನ್ರಿ?"

ಪರಸು ತಲೆ ತಗ್ಗಿಸಿದ.

"ಯಾವ ಗುಲಾಬಿ ಹಾಕೀರಿ ಇದಕ್ಕ?"

ಅವನು ತಟ್ಟೆ ಒರೆಸತೊಡಗಿದ. ಅವಳು ತಾನೇ ಫ್ರೇಮ್ ಇಳಿಸಿ, ಹಿಂದಿನ ಮೊಳೆ ಬಾಗಿಸಿ, ಚಿತ್ರವನ್ನು ಹೊರಗೆ ಎಳೆದಳು. ಫ್ರೇಮಿನ ರಟ್ಟು ಮುಚ್ಚಿದ್ದ ಅಂಚಿನಲ್ಲಿ ಒಂದು ಬೆರಳಗಲ ಸೀರೆ ಹಾಗೇ ಉಳಿದಿತ್ತು. ಹೊಳೆಯುವ ಗುಲಾಬಿ! ಅದನ್ನು ಅವಳು ಹೇಗೆ ಮರೆತಾಳು?

"ಕಾರ್ಮೈನ್!" ಅವಳ ದನಿ ಒಡೆಯಿತು. "ಗೊತ್ತಿದ್ದೂ ಹಾಕೀರಿ! ನಾನ ಕಲಿಸಿದ್ದು ನನಗ ಮಾಡಿದ್ರಿ! ಅಷ್ಟು ಬ್ಯಾಡಾಗಿದ್ದೆ?"

"ಹೂಂ, ಗೊತ್ತಿದ್ದ ಹಾಕೇನಿ," ಎಂದ ಪರಸು ಮೆಲ್ಲಗೆ. "ನಿಮ್ಮ ಚಿತ್ರ ಬರೀದ ಇರಾಕ ಆಗಲಿಲ್ಲ, ಬರದ ಮ್ಯಾಲ ಹರದು ಹಾಕಾಕೂ ಕೈ ಬರಲಿಲ್ರಿ ಟೀಚರ. ಮಂದಿ ಮನಿ ಸೊಸಿ ಆಗೋರ ಚಿತ್ರ ಇಟ್ಕೋಬಾರದಲ್ಲ... ಬಿಸಿಲರ ಅಳಸ್ಲಿ ಅಂತ ಅಲ್ಲಿ ಹಾಕಿದೆ. ದಿನಾ ಇಷ್ಟಿಷ್ಟು ಹೋದರ ನನಗೂ ತಡ್ಕೊಳ್ಳಾಕ ಆಗತೈತಿ ಅಂತ."

"ಹಂಗಿದ್ದರ ಯಾಕ ಬರಲಿಲ್ಲ ಆವತ್ತು? ನಾ ದೀಪ ಹಚ್ಚೂಮಟ ಬಾಗಲಕ್ಕ ಕಿವಿ ಇಟ್ಟು ಕುಂತಿದ್ದೆ!"

"ಬಂದಿದ್ದೆ."

ಶೈಲಜಾ ಕಲ್ಲಾಗಿ ನಿಂತಳು.

"ಊಟದ ಹೊತ್ತಿಗೆ ಬಂದೆ. ಬಾಗಲದಾಗ ಒಬ್ಬ ಹಿರ್ಯಾಕಿ ನಿಂತಿದ್ರು. 'ನಮ್ಮ ಶೈಲಾನ ಸಂಬಂಧ ಕೂಡ್ತಪಾ, ಬಾಯಿ ಸೀ ಮಾಡ್ಕೊ' ಅಂತ ಕೈಯಾಗ ಸಕ್ಕರಿ ಹಾಕಿದ್ರು. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ತಿಂದೆ. ತಿಂದ ಮ್ಯಾಲ ಒಳಗ ಬಂದು ಏನಂತ ಕೇಳ್ಲಿ? ನೀವು ಒಪ್ಪೀರಿ ಅಂದ್ಕೊಂಡು ಹೊಳ್ಳಿ ಹೋದೆ."

ಕೆಂಪವ್ವ ಅತ್ತಿ! ತಮ್ಮನ ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂಬ ಹಿಗ್ಗಿಗೆ, ಹಿರಿಯರ ಮಾತು ಮುಗಿಯುವ ಮೊದಲೇ, ದಾರಿಹೋಕರಿಗೂ ಸಕ್ಕರೆ ಹಂಚುತ್ತ ನಿಂತಿದ್ದಳು. ಅವಳದಾದರೂ ಏನು ತಪ್ಪು?

"ಆವಾಗಿನ್ನ ಯಾರೂ ಒಪ್ಪಿರಲಿಲ್ರಿ!" ಶೈಲಜಾ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. "ನಮ್ಮಪ್ಪ ಸಂಜಿಮಟ ನಿಮ್ಮ ದಾರಿ ನೋಡಿದ... ಬಂದು ಕೇಳಿದರ ಮಾತಾಡ್ತೇನಿ ಅಂದಿದ್ದ..."

ಪರಸು ಗೋಡೆಗೆ ಆತುಕೊಂಡ. ಇಬ್ಬರೂ ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ಆಸೆ ಉಳಿದಿರಬೇಕು. ಪತ್ರಿಕೆ ಹಂಚಿಯಾಗಿತ್ತು, ಪೆಂಡಾಲಿನವರಿಗೆ ಹೇಳಿಯಾಗಿತ್ತು, ವೀರಪ್ಪನವರ ಮಾತು ರಾಮದುರ್ಗದ ಮನೆಯಲ್ಲಿ ಕುಳಿತಿತ್ತು. ಒಂದು ಚಿಟಿಕೆ ಸಕ್ಕರೆಗೆ ಒಂದು ಬಾಳು ಹೋಗಿತ್ತು.

ಶೈಲಜಾ ಮಡಿಲಲ್ಲಿದ್ದ ಚಿತ್ರವನ್ನು ನೋಡುತ್ತ ಕುಳಿತಳು. ಎಲ್ಲ ಅಳಿಸಿಹೋದ ಆ ಮುಖದಲ್ಲಿ ಕಣ್ಣು ಮಾತ್ರ ಬರೆದ ದಿನದಂತೆಯೇ ಇದ್ದವು. ಆಳವಾದ, ಬೆಚ್ಚನೆಯ ಕಪ್ಪು...

"ಕಣ್ಣು ಹೋಗಿಲ್ಲಲ್ರಿ."

"ಅವು ಹೋಗೂದಿಲ್ಲ. ಅವಕ್ಕ ನಾವಿಬ್ರೂ ಮಾಡಿದ ಕಪ್ಪು ಹಚ್ಚೇನಿ." ಪರಸು ಮೊದಲ ಬಾರಿಗೆ ಅವಳ ಮುಖ ನೇರ ನೋಡಿದ. "ಎಲ್ಲಾದಕ್ಕೂ ಓಡಿ ಹೋಗೂ ಬಣ್ಣಾನ ಹಾಕಬೇಕು ಅಂತ ಕುಂತಿದ್ದೆ. ಕಣ್ಣಿಗೆ ಬಂದಾಗ ಆಗಲಿಲ್ಲ. ನಿಮ್ಮ ಮ್ಯಾಲ ನನಗ ಭಾಳ ಪ್ರೀತಿ ಐತ್ರಿ. ಈಗ ಹೇಳಿ ಉಪಯೋಗಿಲ್ಲ, ಗೊತ್ತೈತಿ. ಆದ್ರೂ ಹೇಳ್ದೆ."

ಈ ಮಾತನ್ನು ಕೇಳಲು ಅವಳು ಎಷ್ಟು ರವಿವಾರ ಕಾದಿದ್ದಳು! ಬಂದಿತು, ಎಲ್ಲ ಮುಗಿದ ಮೇಲೆ ಬಂದಿತು.

ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ನಡೀರಿ."

"ಎಲ್ಲಿಗಿ?"

"ನಮ್ಮ ಮನಿಗಿ. ನಮ್ಮಪ್ಪನ ಕಡೆ."

"ಬಾಗಲಾ ಹಾಕ್ಕೊಂತಾರ."

"ಹಾಕ್ಕೊಳ್ಳಿ. ವರ್ಷಾತು, 'ನಿನ್ನ ಮನಷ್ಯಾ ಬರಲಿಲ್ಲಲ್ಲವಾ' ಅಂತ ನನ್ನ ಮುಖಾ ನೋಡ್ತಾನ. ನೀವು ಬಂದಿದ್ರಿ ಅನ್ನೂದು ಅವಗ ಗೊತ್ತಾಗ್ಲಿ. ನನಗ ಅಷ್ಟರ ಬೇಕು."

ಬಾಗಿಲು ತೆರೆದೀತೆಂದು ಅವಳಿಗೂ ನಂಬಿಕೆಯಿರಲಿಲ್ಲ, ಅವನಿಗೂ ಇರಲಿಲ್ಲ. ಪರಸು ತನ್ನ ಬಲಗೈ ನೋಡಿಕೊಂಡ.

"ನಾ ಸಕ್ಕರಿ ತಿಂದೇನಿ, ಶೈಲಾ."

ಟೀಚರ ಎನ್ನಲಿಲ್ಲ. ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಆಗ ಬಂತು ನೋಡಿ ಅವಳಿಗೆ ಅಳು!

"ನಾ ತಿಂದಿಲ್ಲ," ಎಂದಳು ಶೈಲಜಾ.

"ಏನಂದ್ರಿ?"

"ಆವತ್ತು ಮುಷ್ಟಿಯೊಳಗ ಹಿಡಕೊಂಡು ಕುಂತೆ. ಬೆಳಗ ಆಗೂದ್ರಾಗ ಬೆವರಿಗೆ ಕರಗಿ ಹೋಗಿತ್ತು. ಒಂದ ಕಾಳೂ ಬಾಯಿಗಿಟ್ಟಿಲ್ಲ. ಯಾರಿಗೂ ಹೇಳಿಲ್ಲ."

ಪರಸು ಚಿತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ಹಾಳೆಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಅಂಗಡಿಯ ಶಟರ್ ಎಳೆದ. ಆಚೆ ಬೈಲಹೊಂಗಲದ ಬಸ್ ಹಾರ್ನ್ ಹೊಡೆಯುತ್ತಿತ್ತು. ಪಡುವಣ ಬಿಸಿಲು ಖಾಲಿ ಕಿಟಕಿಯ ಮೇಲೆ ಬಿದ್ದಿತ್ತು.

"ಅದನ್ಯಾಕ ತುಗೊಂಡ್ರಿ? ಏನೂ ಉಳದಿಲ್ಲ ಅದರಾಗ."

"ಕಣ್ಣು ಅದಾವಲ್ಲ," ಎಂದ ಪರಸು. "ಬಿಸಿಲಾಗ ಬಿಟ್ಟು ಬರಾಕ ಇನ್ನ ಮನಸ್ಸಾಗೂದಿಲ್ಲ."