ನಿದಿಯಾಳ ಆರು ಅಂಕಿ

ಕಾರ್ತಾಗೊ ಊರಿನ ಒಂದು ಕಚೇರಿಯಲ್ಲಿ ನಾನು ಕಾಫಿ ಸೋಸುವವನು, ನನ್ನ ಹೆಂಡತಿ ನಿದಿಯಾ ಗುಮಾಸ್ತೆ. ಬೆಳಿಗ್ಗೆ ಕಂಪ್ಯೂಟರಿಗೆ ಪಾಸ್‌ವರ್ಡ್ ಹೊಡೆದು ಕೂರುವಳು. ಆಗ ಅವಳ ಫೋನಿಗೆ ಬರುವ ಆರು ಅಂಕಿಯ ಕೋಡನ್ನು ನಾನು ಓದಿ ಹೇಳಬೇಕು, ಅವಳ ಕನ್ನಡಕ ಸದಾ ಮನೆಯಲ್ಲೇ. ಅವಳು ತೀರಿಕೊಂಡ ಮೇಲೂ ನನ್ನ ಜೇಬಿನಲ್ಲಿದ್ದ ಅವಳ ಫೋನಿಗೆ ದಿನಾ ಎಂಟೂ ಹತ್ತಕ್ಕೆ ಕೋಡ್ ಬರುತ್ತಿತ್ತು.

“ಪಾಸ್‌ವರ್ಡ್ ಸರಿಯಾಗಿ ಹೊಡೆದ್ರೆ ಮಾತ್ರ ಬರೋದು, ದೊನ್ ಎಲಿಯೆಸೆರ್,” ಅಂದಳು ಕಚೇರಿಯ ಕಂಪ್ಯೂಟರಿನೊಳಗೆ ಯಾರನ್ನು ಬಿಡಬೇಕೆಂದು ಪಟ್ಟಿ ಮಾಡುವ ಯೋರ್ಲೆನಿ. “ನೀವೇ ಹೊಡೀತೀರಾ?”

“ನಂಗೆ ಅಂಕಿ ಬಿಟ್ರೆ ಅಕ್ಷರ ಎಲ್ಲಿ ಬರುತ್ತೆ, ಮಗಳೇ?”

“ಶುಕ್ರವಾರ ಪಟ್ಟಿಯಿಂದ ಅವರ ಹೆಸರು ತೆಗೀತೀನಿ. ಬೇಜಾರು ಮಾಡ್ಕೋಬೇಡಿ.”

ಶುಕ್ರವಾರ ಬೆಳಿಗ್ಗೆ ನಿದಿಯಾಳ ಖಾಲಿ ಕುರ್ಚಿಯ ಪಕ್ಕ ನಿಂತೆ. ಕೀಲಿಮಣೆ ಬೆಚ್ಚಗಿತ್ತು. ಕೋಡ್ ಬಂತು. ಅವಳಿದ್ದಾಗಿನಂತೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿದೆ.

ಆಮೇಲೆ ಕೋಡ್ ಬಂದೇ ಇಲ್ಲ. ಯೋರ್ಲೆನಿಯ ಪರದೆ ಮೇಲೆ ನಿದಿಯಾ ಶುಕ್ರವಾರ ಎಂಟೂ ಹತ್ತರಿಂದ ಇನ್ನೂ ಒಳಗಿದ್ದಾಳೆ. ಒಳಗಿರುವವರ ಹೆಸರು ಅಳಿಸಲು ಬರುವುದಿಲ್ಲವಂತೆ.